ಥೈರಾಯ್ಡ್ ಸ್ಕ್ಯಾನ್‌ನಲ್ಲಿ ಗ್ರಂಥಿಯ ಗಾತ್ರ ಲೆಕ್ಕ ಹಾಕುವುದು ಹೇಗೆ? ಹಂತ ಹಂತವಾಗಿ, ತಪ್ಪುಗಳ ಸಮೇತ

ಗಂಗಾವತಿ ಕಡೆಯ ತಾಯಿ-ಮಗ ಒಂದು ರಿಪೋರ್ಟ್ ಹಿಡಿದು ಬಂದಿದ್ದರು. ಬಲ ಲೋಬ್ (ಥೈರಾಯ್ಡ್ ಗ್ರಂಥಿಯ ಬಲಗಡೆಯ ಭಾಗ) 5.0 × 2.0 × 1.9 ಸೆಂ.ಮೀ., ಎಡ ಲೋಬ್ 4.9 × 1.9 × 1.8 ಸೆಂ.ಮೀ. ಕೆಳಗೆ ‘ಒಟ್ಟು 18.7 ಎಂ.ಎಲ್., ಗ್ರಂಥಿ ಬಲ್ಕಿ’, ಅಂದರೆ ಗಾತ್ರ ಜಾಸ್ತಿ, ಎಂದು ಬರೆದಿತ್ತು. ಹುಡುಗ ಡಿಗ್ರಿ ಓದುತ್ತಿದ್ದ. ಮೊಬೈಲ್‌ನಲ್ಲಿ ಸೂತ್ರ ಹುಡುಕಿ ತಾನೇ ಗುಣಿಸಿ ನೋಡಿದ್ದ. ಅವನಿಗೆ 17.1 ಬಂದಿತ್ತು. ಹೆಂಗಸರಿಗೆ 18ರ ಒಳಗಿದ್ದರೆ ನಾರ್ಮಲ್ ಅಂತಲೂ ಓದಿಕೊಂಡಿದ್ದ. “ಮಷೀನ್ ತಪ್ಪೋ, ನಾನು ತಪ್ಪೋ, ಹೇಳ್ರಿ ಡಾಕ್ಟ್ರೇ” ಅಂದ. ತಾಯಿಗೆ ಈ ಲೆಕ್ಕವೆಲ್ಲ ಬೇಕಿರಲಿಲ್ಲ. “ಆಪರೇಷನ್ ಬೇಕೇನ್ರಿ?” ಎನ್ನುವುದಷ್ಟೇ ಅವರ ಪ್ರಶ್ನೆ.

ಮಷೀನೂ ಹುಡುಗನೂ ಇಬ್ಬರೂ ಸರಿಯಾಗೇ ಗುಣಿಸಿದ್ದರು. ಕೊನೆಯಲ್ಲಿ ಗುಣಿಸುವ ಅಂಕಿ ಮಾತ್ರ ಬೇರೆ ಬೇರೆ. ಮಷೀನ್ 0.523 ಬಳಸಿತ್ತು, ಹುಡುಗ 0.479 ಬಳಸಿದ್ದ. ಅದೇ ಕತ್ತು, ಅದೇ ಅಳತೆ. ಒಂದು ಲೆಕ್ಕದಲ್ಲಿ ಗೆರೆಯ ಈಚೆ, ಇನ್ನೊಂದರಲ್ಲಿ ಆಚೆ.

ಇಂಥ ಗೊಂದಲ ನನ್ನ ಬಳ್ಳಾರಿಯ ಸ್ಕ್ಯಾನ್ ಕೋಣೆಗೆ ಆಗಾಗ ಬರುತ್ತದೆ. ಹೊಸದಾಗಿ ಕಲಿಯಲು ಬರುವ ಪಿ.ಜಿ. ಡಾಕ್ಟರುಗಳು ಎಡವುವುದೂ ಅದದೇ ನಾಲ್ಕೈದು ಕಡೆ. ಹಾಗಾಗಿ ರೋಗಿಗಳಿಗೂ ಈ ಡಾಕ್ಟರುಗಳಿಗೂ ಸೇರಿಸಿ ಬರೆಯುತ್ತಿದ್ದೇನೆ. ಕೈಯಲ್ಲಿ ರಿಪೋರ್ಟ್ ಮಾತ್ರ ಇರುವವರು ಸೀದಾ 6ನೇ ಹಂತಕ್ಕೆ ಹೋಗಬಹುದು. ಆದರೂ ಮೊದಲ ಐದು ಹಂತ ಒಮ್ಮೆ ಓದಿ. ನಿಮ್ಮ ರಿಪೋರ್ಟ್‌ನ ಅಂಕಿ ಎಲ್ಲಿಂದ ಹುಟ್ಟಿತು ಅಂತ ಗೊತ್ತಾಗುತ್ತೆ.

ಶುರು ಮಾಡುವ ಮೊದಲು: ಏನೇನು ಬೇಕು

ಲೀನಿಯರ್ ಪ್ರೋಬ್ (ಕತ್ತಿನ ಮೇಲೆ ಆಡಿಸುವ, ನೇರ ಮುಖದ ಸ್ಕ್ಯಾನ್ ಹಿಡಿಕೆ) ಬೇಕು, 7ರಿಂದ 12 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನದು. ಹೊಟ್ಟೆ ನೋಡುವ ಬಾಗಿದ ಪ್ರೋಬ್ ಕೂಡ ಪಕ್ಕದಲ್ಲಿರಲಿ, ದೊಡ್ಡ ಗಡ್ಡೆ ಬಂದರೆ ಅದೇ ಕೈ ಹಿಡಿಯುವುದು. ಜೆಲ್, ಟಿಶ್ಯೂ, ಭುಜದ ಕೆಳಗೆ ಇಡಲು ಒಂದು ಮೆತ್ತನೆ ದಿಂಬು ಇರಲಿ. ಜೆಲ್ ತಣ್ಣಗಿದ್ದರೆ ರೋಗಿ ಬೆಚ್ಚಿ ಕತ್ತು ಬಿಗಿ ಹಿಡಿಯುತ್ತಾರೆ, ಬೆಚ್ಚಗೆ ಮಾಡಿ ಹಚ್ಚಿ ಎಂದು ಪುಸ್ತಕಗಳು ಹೇಳುತ್ತವೆ. ರಾಯಚೂರು, ಬಳ್ಳಾರಿಯ ಮೇ ತಿಂಗಳಿನಲ್ಲಿ ಆ ಚಿಂತೆ ನಮಗಿಲ್ಲ ಬಿಡಿ.

ಮತ್ತೆ ಒಂದು ಪೆನ್ನು, ಒಂದು ಹಾಳೆ. ನಗಬೇಡಿ. ಮಷೀನ್ ತಾನೇ ಲೆಕ್ಕ ಮಾಡುತ್ತದೆ ಅಂತ ಪೆನ್ನು ಬಿಟ್ಟವರ ತಪ್ಪುಗಳೇ ಜಾಸ್ತಿ.

ಸ್ಕ್ಯಾನ್ ಮಾಡುವುದು ತರಬೇತಿ ಪಡೆದ ಡಾಕ್ಟರ ಕೆಲಸ. ಮಷೀನ್ ಕೂಡ ಭ್ರೂಣದ ಲಿಂಗ ಪತ್ತೆ ತಡೆಯುವ ಪಿಸಿ-ಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಡುವುದು ಕತ್ತು ಮಾತ್ರ ಆದರೂ ಅದಕ್ಕೆ ವಿನಾಯಿತಿ ಇಲ್ಲ. ಶಾಲೆ ಮಕ್ಕಳ ಥೈರಾಯ್ಡ್ ತಪಾಸಣೆಗೆ ಅಂತ ಚಿಕ್ಕ ಮಷೀನನ್ನು ಕಾರಿನಲ್ಲಿಟ್ಟುಕೊಂಡು ಹಳ್ಳಿಗೆ ಹೊರಡುವ ಹುಮ್ಮಸ್ಸಿನವರು ಮೊದಲು ಜಿಲ್ಲಾ ಪ್ರಾಧಿಕಾರವನ್ನು ಕೇಳಿ.

ಹಂತ 1: ರೋಗಿಯನ್ನು ಮಲಗಿಸುವುದು

ಅಂಗಾತ ಮಲಗಿಸಿ. ದಿಂಬು ತಲೆಯ ಕೆಳಗಲ್ಲ, ಭುಜದ ಕೆಳಗೆ. ಆಗ ತಲೆ ಸ್ವಲ್ಪ ಹಿಂದಕ್ಕೆ ಬಾಗಿ ಕತ್ತು ತೆರೆದುಕೊಳ್ಳುತ್ತದೆ, ಗ್ರಂಥಿಯ ಕೆಳತುದಿ ಎದೆಗೂಡಿನಿಂದ ಸ್ವಲ್ಪ ಮೇಲೆ ಬರುತ್ತದೆ. ದಿಂಬು ತಪ್ಪು ಜಾಗದಲ್ಲಿದ್ದರೆ ಗದ್ದ ಅಡ್ಡ ಬಂದು ಉದ್ದ ಅಳೆಯಲು ಆಗುವುದೇ ಇಲ್ಲ.

ವಯಸ್ಸಾದವರಿಗೆ ಕತ್ತಿನ ಮೂಳೆ ಸವೆದಿರಬಹುದು. ಜಾಸ್ತಿ ಹಿಂದಕ್ಕೆ ಬಾಗಿಸಿದರೆ ತಲೆ ಸುತ್ತುತ್ತದೆ. ಅವರಿಗೆ ಒಂದು ಟವೆಲ್ ಮಡಚಿ ಇಟ್ಟರೆ ಸಾಕು.

ಹೆಣ್ಣುಮಕ್ಕಳಿಗೆ ‘ತಾಳಿ ತೆಗೀರಿ’ ಎಂದು ಹೇಳಿಬಿಟ್ಟರೆ ಅಲ್ಲಿಗೆ ಮುಗೀತು, ಅರ್ಧ ಗಂಟೆ ಅದೇ ಮಾತು. ತೆಗೆಯುವ ಅಗತ್ಯವೂ ಇಲ್ಲ. ಸರವನ್ನು ಗದ್ದದ ಕಡೆಗೋ ಪಕ್ಕಕ್ಕೋ ಸರಿಸಿ, ಮೇಲೊಂದು ಟಿಶ್ಯೂ ಹಾಕಿ. ಜೆಲ್ ಕರಿಮಣಿಗೆ ತಾಗದಿದ್ದರೆ ಅವರೂ ಆರಾಮಾಗಿ ಮಲಗುತ್ತಾರೆ. ರೋಗಿ ಆರಾಮಾಗಿದ್ದರೆ ಕತ್ತಿನ ಸ್ನಾಯು ಸಡಿಲ ಇರುತ್ತದೆ, ಅಳತೆಯೂ ಸರಿ ಬರುತ್ತದೆ.

ಹಂತ 2: ಮೊದಲು ಸುಮ್ನೆ ನೋಡಿ

ಕಲಿಯುವವರ ಕೈ ಪ್ರೋಬ್ ಇಟ್ಟ ಕೂಡಲೇ ಚಿತ್ರ ನಿಲ್ಲಿಸುವ ಫ್ರೀಜ್ ಬಟನ್‌ಗೆ ಹೋಗುತ್ತದೆ. ಬೇಡ. ಪ್ರೋಬನ್ನು ಅಡ್ಡ ಹಿಡಿದು ಗದ್ದದ ಕೆಳಗಿನಿಂದ ಎದೆಗೂಡಿನವರೆಗೆ ಒಂದು ಸಲ ನಿಧಾನವಾಗಿ ಇಳಿಸಿ, ಮತ್ತೆ ಹತ್ತಿಸಿ. ಎರಡೂ ಕಡೆ ಮಾಡಿ. ಗ್ರಂಥಿ ಎಲ್ಲಿ ಶುರು, ಎಲ್ಲಿ ಅತಿ ದಪ್ಪ, ಎಲ್ಲಿ ಮುಗಿಯುತ್ತದೆ ಎನ್ನುವ ನಕ್ಷೆ ತಲೆಯಲ್ಲಿ ಕೂರಬೇಕು.

ಗುರುತುಗಳು ಇವು. ನಡುವೆ ಶ್ವಾಸನಾಳ, ಬಿಳಿ ಕಮಾನಿನ ಹಾಗೆ ಕಾಣುತ್ತದೆ. ಅದರ ಎರಡು ಪಕ್ಕದಲ್ಲಿ ಬೂದು ಬಣ್ಣದ ಲೋಬ್‌ಗಳು. ಲೋಬಿನ ಹೊರಗಡೆ ದುಂಡಗೆ, ಕಪ್ಪಗೆ ಮಿಡಿಯುತ್ತಿರುವುದು ಕೆರೋಟಿಡ್ ರಕ್ತನಾಳ. ಅದರ ಪಕ್ಕದಲ್ಲಿ ಒತ್ತಿದರೆ ಚಪ್ಪಟೆಯಾಗುವುದು ಜುಗುಲರ್ ರಕ್ತನಾಳ. ಮುಂದೆ ಪಟ್ಟಿಯಂಥ ಸ್ನಾಯುಗಳು, ಅವು ಗ್ರಂಥಿಗಿಂತ ಕಪ್ಪಾಗಿ ಕಾಣುತ್ತವೆ. ಹಿಂದೆ ಇನ್ನೊಂದು ದಪ್ಪ ಸ್ನಾಯು.

ಎಡಗಡೆ ಒಂದು ಮೋಸವಿದೆ. ಶ್ವಾಸನಾಳದ ಪಕ್ಕ, ಲೋಬಿನ ಹಿಂದೆ ದುಂಡಗೆ ಬಳೆಯೊಳಗೆ ಬಳೆ ಇದ್ದ ಹಾಗೆ ಏನೋ ಕಾಣುತ್ತದೆ. ಅದು ಅನ್ನನಾಳ. ಅದನ್ನೇ ಗಂಟು ಅಂದುಕೊಂಡು ಅಳತೆಗೆ ಸೇರಿಸಿದವರಿದ್ದಾರೆ. ಅನುಮಾನ ಬಂದರೆ “ಯವ್ವಾ, ಒಂದ್ಸಲ ಉಗುಳು ನುಂಗ್ರಿ” ಎನ್ನಿ. ಒಳಗೆ ಬಿಳಿ ಚುಕ್ಕಿ ಸರಕ್ಕನೆ ಹಾದುಹೋದರೆ ಅದು ಅನ್ನನಾಳವೇ.

ಪ್ರೋಬ್ ಇಡುವ ಮೊದಲು ಕೈಯಿಂದಲೂ ಒಮ್ಮೆ ಮುಟ್ಟಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಹಳೇ ನಿಯಮ ಸರಳವಾಗಿದೆ: ಲೋಬ್ ಆ ವ್ಯಕ್ತಿಯ ಹೆಬ್ಬೆರಳಿನ ತುದಿಯ ಗಿಣ್ಣಿಗಿಂತ ದೊಡ್ಡದಾಗಿ ಕೈಗೆ ಸಿಕ್ಕರೆ ಅದು ಗಳಗಂಡ. ಗಮನಿಸಿ, ಹೆಬ್ಬೆರಳು ರೋಗಿಯದು, ನಿಮ್ಮದಲ್ಲ. ಕೈಗೆ ಇಷ್ಟು ದೊಡ್ಡದು ಸಿಕ್ಕು, ಮಷೀನ್ ‘8 ಎಂ.ಎಲ್.’ ಎಂದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಲೆಕ್ಕ.

ಹಂತ 3: ಅಡ್ಡ ಚಿತ್ರದಲ್ಲಿ ಅಗಲ ಮತ್ತು ಆಳ

ಲೋಬ್ ಅತಿ ದೊಡ್ಡದಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿ. ಪ್ರೋಬ್ ಚರ್ಮಕ್ಕೆ ನೇರವಾಗಿರಲಿ. ವಾಲಿದರೆ ದುಂಡಗಿನದು ಮೊಟ್ಟೆಯಾಗುತ್ತದೆ, ಮೊಟ್ಟೆ ಇನ್ನೂ ಉದ್ದವಾಗುತ್ತದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಅಗಲವಾಗಿ ಬರುತ್ತದಲ್ವಾ, ಹಾಗೆ.

ಈಗ ಫ್ರೀಜ್ ಮಾಡಿ. ಒಂದೇ ಚಿತ್ರದಲ್ಲಿ ಎರಡು ಅಳತೆ:

ಅಗಲ: ಶ್ವಾಸನಾಳದ ಕಡೆಯ ಅಂಚಿನಿಂದ ಕೆರೋಟಿಡ್ ಕಡೆಯ ಅಂಚಿನವರೆಗೆ.

ಆಳ: ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ. ರಿಪೋರ್ಟ್‌ಗಳಲ್ಲಿ ಇದನ್ನು ‘ಎ.ಪಿ.’ ಎಂದು ಬರೆಯುತ್ತಾರೆ.

ಈ ಎರಡು ಗೆರೆಗಳು ಒಂದಕ್ಕೊಂದು ಕೂಡಿಸುವ ಗುರುತಿನ ಹಾಗೆ ನೇರ ಕೋನದಲ್ಲಿ ದಾಟಬೇಕು. ಕ್ಯಾಲಿಪರ್ ಗುರುತು (ಅಳೆಯಲು ಪರದೆಯ ಮೇಲೆ ಇಡುವ ಗುರುತು) ಗ್ರಂಥಿಯ ಸುತ್ತ ಕಾಣುವ ತೆಳು ಬಿಳಿ ಗೆರೆಯ ಮೇಲೆ ಕೂರಬೇಕು. ಮುಂದಿನ ಸ್ನಾಯುವನ್ನು ಒಳಗೆ ಸೇರಿಸಿದರೆ ಎರಡು ಮಿ.ಮೀ. ಪುಕ್ಕಟೆ ಸಿಗುತ್ತದೆ.

ಆ ಎರಡು ಮಿ.ಮೀ. ಎಷ್ಟು ದುಬಾರಿ ನೋಡಿ. ಗಂಗಾವತಿ ತಾಯಿಯ ಬಲ ಲೋಬಿನ ಆಳ 1.9 ಸೆಂ.ಮೀ. ಅದು 2.1 ಎಂದು ಬಿದ್ದಿದ್ದರೆ ಗಾತ್ರ ಶೇ 10ಕ್ಕಿಂತ ಜಾಸ್ತಿ ಹೆಚ್ಚುತ್ತಿತ್ತು. ಅದೇ ಎರಡು ಮಿ.ಮೀ. ತಪ್ಪು 5 ಸೆಂ.ಮೀ. ಉದ್ದದಲ್ಲಿ ಆಗಿದ್ದರೆ ಬರೀ ಶೇ 4. ಚಿಕ್ಕ ಅಳತೆಯಲ್ಲಿ ಆದ ಚಿಕ್ಕ ತಪ್ಪೇ ದೊಡ್ಡ ಪೆಟ್ಟು ಕೊಡುತ್ತದೆ. ಆದ್ದರಿಂದ ಆಳವನ್ನು ಎರಡು ಸಲ ಅಳೆಯಿರಿ.

ಎಚ್ಚರಿಕೆಯ ಗುರುತು: ಚಿತ್ರದಲ್ಲಿ ಜುಗುಲರ್ ರಕ್ತನಾಳ ಕಾಣಿಸುತ್ತಲೇ ಇಲ್ಲ, ಅಥವಾ ಗೆರೆಯ ಹಾಗೆ ಚಪ್ಪಟೆಯಾಗಿದೆ. ಬಹುಮಟ್ಟಿಗೆ ನೀವು ಪ್ರೋಬನ್ನು ಜಾಸ್ತಿ ಒತ್ತುತ್ತಿದ್ದೀರಿ. ರಕ್ತನಾಳ ಚಪ್ಪಟೆಯಾದರೆ ಗ್ರಂಥಿಯೂ ಚಪ್ಪಟೆಯಾಗಿರುತ್ತದೆ, ಆಳ ಕಡಿಮೆ, ಅಗಲ ಜಾಸ್ತಿ ಬರುತ್ತದೆ. ಕೈ ಸಡಿಲಿಸಿ, ಜೆಲ್ ಇನ್ನಷ್ಟು ಹಾಕಿ. ಪ್ರೋಬ್ ಜೆಲ್ ಮೇಲೆ ತೇಲಬೇಕು.

ಹಂತ 4: ಉದ್ದ (ಎಲ್ಲರೂ ಬೀಳುವ ಹಳ್ಳ)

ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸಿಂಧನೂರು ಕಡೆಯ ಒಬ್ಬರಿಗೆ ಬಲ ಲೋಬಿನ ಉದ್ದ 3.9 ಸೆಂ.ಮೀ. ಎಂದು ಬರೆದೆ. ಆರು ತಿಂಗಳ ನಂತರ ಅವರೇ ಮತ್ತೆ ಬಂದರು. ಈ ಸಲ ಹಿರಿಯ ಡಾಕ್ಟರ್ ನೋಡಿದರು. ಅಗಲ, ಆಳ ಅದೇ. ಉದ್ದ 5.6. ಲೆಕ್ಕದಲ್ಲಿ ಆ ಲೋಬ್ ಆರು ತಿಂಗಳಲ್ಲಿ ಶೇ 40ಕ್ಕಿಂತ ಜಾಸ್ತಿ ಬೆಳೆದಂತಾಯಿತು. ಮನೆಯವರು ಕ್ಯಾನ್ಸರ್ ಎಂದೇ ನಿರ್ಧರಿಸಿ ಅಳಲು ಶುರು ಮಾಡಿದ್ದರು. ಹಳೇ ಚಿತ್ರ ತೆಗೆಸಿ ನೋಡಿದರೆ ನನ್ನ ಕ್ಯಾಲಿಪರ್ ಗುರುತುಗಳು ಎರಡೂ ಕಡೆ ಚಿತ್ರದ ಅಂಚಿಗೆ ಅಂಟಿಕೊಂಡಿದ್ದವು. ಪ್ರೋಬಿನ ಮುಖದ ಅಗಲವೇ ಸುಮಾರು 4 ಸೆಂ.ಮೀ. ನಾನು ಅಳೆದದ್ದು ಲೋಬನ್ನಲ್ಲ, ಪ್ರೋಬನ್ನು.

ಅಲ್ಲಿಂದೀಚೆಗೆ ನನ್ನ ನಿಯಮ: ಲೋಬಿನ ಮೇಲಿನ ತುದಿ ಮತ್ತು ಕೆಳಗಿನ ತುದಿ, ಎರಡೂ ಚೂಪಾಗುತ್ತಾ ಮುಗಿಯುವುದು ಕಣ್ಣಿಗೆ ಕಾಣದೆ ಕ್ಯಾಲಿಪರ್ ಮುಟ್ಟುವುದಿಲ್ಲ.

ಕ್ರಮ ಹೀಗೆ. ಅಡ್ಡ ಚಿತ್ರದಲ್ಲಿ ಲೋಬನ್ನು ಪರದೆಯ ನಡುವೆ ತನ್ನಿ. ಅಲ್ಲೇ ಪ್ರೋಬನ್ನು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿ ಉದ್ದಕ್ಕೆ ತನ್ನಿ. ಲೋಬ್ ಕತ್ತಿನಲ್ಲಿ ನೆಟ್ಟಗೆ ನಿಂತಿರುವುದಿಲ್ಲ. ಮೇಲಿನ ತುದಿ ಹೊರಕ್ಕೆ, ಕೆಳಗಿನದು ಒಳಕ್ಕೆ ವಾಲಿರುತ್ತದೆ. ಪ್ರೋಬ್ ಕೂಡ ಅಷ್ಟೇ ಓರೆಯಾಗಬೇಕು. ನೆಟ್ಟಗೆ ಹಿಡಿದರೆ ಲೋಬಿನ ಒಂದು ತುದಿ ಚಿತ್ರದಿಂದ ಜಾರಿಹೋಗಿ ಉದ್ದ ಕಡಿಮೆ ಬರುತ್ತದೆ. ಎರಡು ಮೂರು ಸಲ ಓರೆ ಬದಲಿಸಿ ನೋಡಿ, ಅತಿ ಉದ್ದ ಬಂದದ್ದನ್ನು ಇಟ್ಟುಕೊಳ್ಳಿ.

ವಯಸ್ಕರ ಲೋಬ್ ಮಾಮೂಲಿಯಾಗಿ 4ರಿಂದ 6 ಸೆಂ.ಮೀ. ಉದ್ದ ಇರುತ್ತದೆ. ಅಂದರೆ ಚಿಕ್ಕ ಲೀನಿಯರ್ ಪ್ರೋಬಿನ ಪರದೆಯಲ್ಲಿ ಅದು ಹಿಡಿಸದೇ ಇರುವುದೇ ಹೆಚ್ಚು. ಹಿಡಿಸದಿದ್ದರೆ ದಾರಿಗಳಿವೆ.

ಮಷೀನ್‌ನಲ್ಲಿ ಟ್ರೆಪಿಜಾಯ್ಡ್ ಅಥವಾ ವರ್ಚುವಲ್ ಕಾನ್ವೆಕ್ಸ್ ಎಂಬ ಬಟನ್ ಇದ್ದರೆ ಒತ್ತಿ. ಚಿತ್ರ ಬೀಸಣಿಗೆಯಂತೆ ಅಗಲವಾಗುತ್ತದೆ. ನನಗೆ ಇದೇ ಇಷ್ಟ, ಬೇಗ ಮುಗಿಯುತ್ತದೆ.

ಆ ಬಟನ್ ಇಲ್ಲವೇ? ಪರದೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಲೋಬಿನ ಮೇಲಿನ ಅರ್ಧ, ಬಲಕ್ಕೆ ಕೆಳಗಿನ ಅರ್ಧ. ಎರಡೂ ಸೇರುವ ಜಾಗದಲ್ಲಿ ಒಂದು ಗುರುತು ಬೇಕು: ಸಣ್ಣ ನೀರುಗುಳ್ಳೆಯೋ ಗಂಟೋ ರಕ್ತನಾಳವೋ. ಅದನ್ನು ಎರಡೂ ಚಿತ್ರದಲ್ಲಿ ಹೊಂದಿಸಿ ಆಮೇಲೆ ಅಳೆಯಿರಿ. ಗುರುತಿಲ್ಲದೆ ಅಂದಾಜಿಗೆ ಜೋಡಿಸಿದರೆ ಅದು ಕಣ್ಣಳತೆಯೇ ಹೊರತು ಸ್ಕ್ಯಾನ್ ಅಲ್ಲ.

ಗ್ರಂಥಿ ತೀರಾ ದೊಡ್ಡದಿದ್ದರೆ ಬಾಗಿದ ಪ್ರೋಬ್ ಹಿಡಿಯಿರಿ. ಚಿತ್ರ ಅಷ್ಟು ಚೊಕ್ಕ ಬರುವುದಿಲ್ಲ, ಆದರೆ ಉದ್ದಕ್ಕೆ ಅಷ್ಟು ಸಾಕು. ಅಗಲ ಮತ್ತು ಆಳವನ್ನು ಲೀನಿಯರ್‌ನಲ್ಲೇ ಇಟ್ಟುಕೊಳ್ಳಿ.

ಕೆಳತುದಿ ಎದೆಮೂಳೆಯ ಹಿಂದೆ ಹೋಗಿ ಕಾಣದೇ ಇದ್ದರೆ? ಉಗುಳು ನುಂಗಿಸಿ. ನುಂಗುವಾಗ ಗ್ರಂಥಿ ಮೇಲೆ ಬರುತ್ತದೆ, ಆ ಕ್ಷಣದಲ್ಲಿ ತುದಿ ಸಿಗಬಹುದು. ಆಗಲೂ ಸಿಗದಿದ್ದರೆ ಅದು ಎದೆಯೊಳಗೆ ಇಳಿದಿದೆ. ಅಲ್ಟ್ರಾಸೌಂಡ್ ಮೂಳೆ ದಾಟುವುದಿಲ್ಲ. ಕಂಡಷ್ಟೇ ಅಳೆದು ಅಚ್ಚುಕಟ್ಟಾಗಿ ಒಂದು ಅಂಕಿ ಬರೆಯುವುದು ಮೋಸ. ‘ಕೆಳತುದಿ ಕಾಣಲಿಲ್ಲ, ನಿಜವಾದ ಗಾತ್ರ ಇದಕ್ಕಿಂತ ಜಾಸ್ತಿ’ ಎಂದೇ ಬರೆಯಿರಿ. ಅಂಥವರಿಗೆ ಮುಂದಿನ ದಾರಿ ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್. ಸಿ.ಟಿ.ಗೆ ಹೋಗುವವರು ಥೈರಾಯ್ಡ್ ತೊಂದರೆ ಇರುವುದನ್ನು ಅಲ್ಲಿ ಮೊದಲೇ ಹೇಳಬೇಕು. ಅಲ್ಲಿ ಕೊಡುವ ಡೈನಲ್ಲಿ ಅಯೋಡಿನ್ ಇರುತ್ತದೆ, ಅದು ಥೈರಾಯ್ಡ್ ಮೇಲೆ ಪರಿಣಾಮ ಮಾಡಬಲ್ಲದು.

ಹಂತ 5: ನಡುವಿನ ಸೇತುವೆ

ಎರಡು ಲೋಬ್‌ಗಳನ್ನು ಸೇರಿಸುವ ಪಟ್ಟಿಗೆ ಇಸ್ತ್‌ಮಸ್ ಎನ್ನುತ್ತಾರೆ. ಶ್ವಾಸನಾಳದ ಮುಂದೆ ಅಡ್ಡ ಚಿತ್ರದಲ್ಲಿ ಅದರ ದಪ್ಪ ಮಾತ್ರ ಅಳೆದರೆ ಸಾಕು. ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು. ಅಷ್ಟಿದ್ದರೆ ಲೆಕ್ಕಕ್ಕೆ ಸೇರಿಸುವುದಿಲ್ಲ, ದಪ್ಪ ಬರೆದು ಬಿಟ್ಟುಬಿಡುತ್ತೇವೆ. ತುಂಬ ದಪ್ಪಗಿದ್ದರೆ ಅಥವಾ ಅದರಲ್ಲೇ ಗಂಟಿದ್ದರೆ ಮೂರೂ ಅಳತೆ ತೆಗೆದು ಬೇರೆಯಾಗಿ ಲೆಕ್ಕ ಹಾಕಿ, ಸೇರಿಸಿದ್ದೇವೆ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲಿ ಒತ್ತಿದರೆ 6 ಮಿ.ಮೀ. ಇದ್ದದ್ದು 4 ಆಗಿಬಿಡುತ್ತದೆ, ಹಿಂದೆ ಗಟ್ಟಿ ಶ್ವಾಸನಾಳ ಇರುವುದರಿಂದ.

ಹಂತ 6: ಲೆಕ್ಕ

ಲೋಬ್ ಹೆಚ್ಚುಕಡಿಮೆ ಮೊಟ್ಟೆಯ ಆಕಾರ. ಉದ್ದ × ಅಗಲ × ಆಳ ಗುಣಿಸಿದರೆ ಆ ಮೊಟ್ಟೆ ಕೂರುವ ಡಬ್ಬದ ಗಾತ್ರ ಸಿಗುತ್ತದೆ. ಮೊಟ್ಟೆ ಡಬ್ಬದ ಅರ್ಧಕ್ಕಿಂತ ಚೂರು ಜಾಸ್ತಿ ಜಾಗ ಹಿಡಿಯುತ್ತದೆ. ಲೆಕ್ಕದ ಪ್ರಕಾರ 0.523. ಆದರೆ ಥೈರಾಯ್ಡ್ ಪಕ್ಕಾ ಮೊಟ್ಟೆ ಅಲ್ಲ. ನಿಜವಾದ ಗ್ರಂಥಿಗಳ ಜೊತೆ ಹೋಲಿಸಿ ತಿದ್ದಿದ ಅಂಕಿ 0.479. ಈಗ ಎರಡೂ ಚಾಲ್ತಿಯಲ್ಲಿವೆ. ಎರಡರ ನಡುವೆ ಶೇ 9ರಷ್ಟು ವ್ಯತ್ಯಾಸ.

ಹಾಳೆಯ ಮೇಲೆ ಮಾಡೋಣ.

ಬಲ ಲೋಬ್: 5.0 × 2.0 × 1.9 = 19.0
ಎಡ ಲೋಬ್: 4.9 × 1.9 × 1.8 = 16.8
ಎರಡೂ ಸೇರಿ: 35.8

35.8 × 0.479 = 17.1 ಎಂ.ಎಲ್.
35.8 × 0.523 = 18.7 ಎಂ.ಎಲ್.

ಗಂಗಾವತಿ ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ.

ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಮೊದಲನೆಯದು ಮಿ.ಮೀ. ಮತ್ತು ಸೆಂ.ಮೀ. ಕಲಸುವುದು. ರಿಪೋರ್ಟ್‌ನಲ್ಲಿ 50 × 20 × 19 ಎಂದಿದ್ದರೆ ಅದು ಮಿ.ಮೀ. ಗುಣಿಸಿದರೆ 19,000 ಬರುತ್ತದೆ, 1,000ದಿಂದ ಭಾಗಿಸಿ. ಇನ್ನೂ ಸುಲಭ ದಾರಿ ಎಂದರೆ ಗುಣಿಸುವ ಮೊದಲೇ ಮೂರನ್ನೂ ಸೆಂ.ಮೀ. ಮಾಡಿಕೊಳ್ಳುವುದು. ಎರಡನ್ನು ಸೆಂ.ಮೀ.ನಲ್ಲಿಟ್ಟು ಒಂದನ್ನು ಮಿ.ಮೀ.ನಲ್ಲೇ ಬಿಟ್ಟವರಿಗೆ 91 ಎಂ.ಎಲ್. ಬಂದು ಗಾಬರಿಯಾದದ್ದಿದೆ.

ಇನ್ನೊಂದು: ಕೊನೆಯಲ್ಲಿ 0.479 ಅಥವಾ 0.523ರಿಂದ ಗುಣಿಸುವುದನ್ನೇ ಮರೆಯುವುದು. ಗಾತ್ರ ನಿಮ್ಮ ಅಂದಾಜಿನ ಸುಮಾರು ಎರಡು ಪಟ್ಟು ಬಂತು ಎಂದರೆ ಮೊದಲು ಇದನ್ನೇ ನೋಡಿ.

ಮಷೀನ್ ಲೆಕ್ಕ ಮಾಡುವಾಗ ಬಲಕ್ಕೆ ‘ಬಲ’, ಎಡಕ್ಕೆ ‘ಎಡ’ ಎಂದು ಆರಿಸಿದ್ದೀರಾ ನೋಡಿ. ಬಲಗಡೆಯ ಉದ್ದ ಎಡಗಡೆಯ ಖಾನೆಗೆ ಹೋಗಿ ಕೂತರೆ ಮಷೀನ್ ತುಟಿ ಬಿಚ್ಚುವುದಿಲ್ಲ. ನಿಮ್ಮ ಮಷೀನ್ ಯಾವ ಅಂಕಿಯಿಂದ ಗುಣಿಸುತ್ತದೆ ಎಂಬುದನ್ನು ಒಮ್ಮೆ ಪೆನ್ನು ಹಿಡಿದು ತಿರುಗಿ ಲೆಕ್ಕ ಮಾಡಿ ಕಂಡುಕೊಳ್ಳಿ, ಅದನ್ನೇ ರಿಪೋರ್ಟ್‌ನಲ್ಲೂ ಬರೆಯಿರಿ. ಒಂದು ಸಾಲು ಸಾಕು.

ಕೆಲವು ರಿಪೋರ್ಟ್‌ಗಳಲ್ಲಿ ಪ್ರತಿ ಲೋಬಿಗೆ ಎರಡೇ ಅಳತೆ ಇರುತ್ತದೆ, ಉದ್ದ ಇರುವುದಿಲ್ಲ. ಅಂಥದರಿಂದ ಗಾತ್ರ ಲೆಕ್ಕ ಹಾಕಲು ಬರುವುದಿಲ್ಲ. ‘ಸುಮಾರು 5 ಇರಬಹುದು’ ಎಂದು ನೀವೇ ತುಂಬಬೇಡಿ. ಆಳ 2 ಸೆಂ.ಮೀ. ದಾಟಿದ್ದರೆ ಲೋಬ್ ದಪ್ಪ ಆಗಿದೆ ಎನ್ನುವಷ್ಟು ಹೇಳಬಹುದು. ಅದಕ್ಕಿಂತ ಮುಂದೆ ಹೋಗಬೇಡಿ.

ಹಂತ 7: ಯಾವ ಗೆರೆಗೆ ಹೋಲಿಸಬೇಕು

ವಯಸ್ಕರಿಗೆ ಹೆಚ್ಚು ಬಳಕೆಯಲ್ಲಿರುವ ಮೇಲ್ಮಿತಿ: ಹೆಂಗಸರಿಗೆ 18 ಎಂ.ಎಲ್., ಗಂಡಸರಿಗೆ 25 ಎಂ.ಎಲ್. ಇದು ಲಕ್ಷ್ಮಣರೇಖೆ ಅಲ್ಲ. ಎತ್ತರದ, ದಪ್ಪ ಮೈಯವರಿಗೆ ಗ್ರಂಥಿ ಸಹಜವಾಗೇ ದೊಡ್ಡದು. ಬಸುರಿಯರಲ್ಲಿ ಸ್ವಲ್ಪ ಹಿಗ್ಗಬಹುದು. 17.1ಕ್ಕೂ 18.7ಕ್ಕೂ ನಡುವೆ ರೋಗ ಹುಟ್ಟುವುದಿಲ್ಲ.

ಮಕ್ಕಳಿಗೆ ಈ ಅಂಕಿಗಳನ್ನು ಹಚ್ಚಲೇಬೇಡಿ. 6ರಿಂದ 12 ವರ್ಷದವರಿಗೆ ಬೇರೆ ಪಟ್ಟಿ ಇದೆ. ಅದು ವಯಸ್ಸು, ಗಂಡೋ ಹೆಣ್ಣೋ, ಮೈಯ ವಿಸ್ತೀರ್ಣ ನೋಡಿ ಹೇಳುತ್ತದೆ. 6 ವರ್ಷದ ಮಗುವಿಗೆ ಮೇಲ್ಮಿತಿ ಸುಮಾರು 3 ಎಂ.ಎಲ್. ಅಷ್ಟೇ. 12 ವರ್ಷಕ್ಕೆ ಸುಮಾರು 6ರಿಂದ 6.5. ಆ ಪಟ್ಟಿ ತಯಾರಾದದ್ದು 0.479 ಬಳಸಿ. ನಿಮ್ಮ ಮಷೀನ್ 0.523ರಲ್ಲಿ ಲೆಕ್ಕ ಮಾಡಿ ಆ ಪಟ್ಟಿಗೆ ಹೋಲಿಸಿದರೆ ಇಲ್ಲದ ಗಳಗಂಡ ಎಷ್ಟೋ ಮಕ್ಕಳಲ್ಲಿ ಕಾಣಿಸಿಬಿಡುತ್ತದೆ. ಶಾಲೆ ಸಮೀಕ್ಷೆ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಶಾಲೆ ಮಕ್ಕಳಲ್ಲಿ ಗಳಗಂಡ ಶೇ 5 ದಾಟಿದರೆ ಆ ಪ್ರದೇಶದಲ್ಲಿ ಅಯೋಡಿನ್ ಕೊರತೆ ಇದೆ ಎಂದು ಲೆಕ್ಕ ಹಿಡಿಯುತ್ತಾರೆ.

ಗಾತ್ರಕ್ಕೂ ಕೆಲಸಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಪ್ರತಿದಿನ ಯಾರಿಗಾದರೂ ಹೇಳುತ್ತಿರುತ್ತೇನೆ. ಗ್ರಂಥಿ ದೊಡ್ಡದಿದ್ದು ಟಿಎಸ್‌ಎಚ್ (ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ರಕ್ತದ ಅಂಕಿ) ಸರಿ ಇರಬಹುದು. ಗ್ರಂಥಿ ಬತ್ತಿ ಚಿಕ್ಕದಾಗಿ ಟಿಎಸ್‌ಎಚ್ ಮೇಲೇರಿರಬಹುದು. ಸ್ಕ್ಯಾನ್ ನೋಡಿ ಮಾತ್ರೆ ಶುರು ಮಾಡುವುದಾಗಲಿ, ಬಿಡುವುದಾಗಲಿ ಬೇಡ. ಅದನ್ನು ರಕ್ತ ಪರೀಕ್ಷೆ ಹೇಳಬೇಕು.

ಒಂದು ಲೋಬ್ ಆಪರೇಷನ್ ಮಾಡಿ ತೆಗೆಸಿದವರಿಗೂ ಈ ಮಿತಿಗಳು ಅನ್ವಯಿಸುವುದಿಲ್ಲ. ಉಳಿದ ಲೋಬಿನ ಹಳೇ ಅಳತೆಯೇ ಅವರಿಗೆ ಗೆರೆ.

ಹಂತ 8: ಹಳೇ ರಿಪೋರ್ಟ್ ಜೊತೆ ಹೋಲಿಸುವುದು

‘ಬೆಳೆದಿದೆ’ ಎನ್ನುವ ಮೊದಲು ಎರಡೂ ರಿಪೋರ್ಟ್‌ಗಳ ಆರಾರು ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಎರಡನ್ನೂ ಒಂದೇ ಅಂಕಿಯಿಂದ ನೀವೇ ಗುಣಿಸಿ. ಅಚ್ಚಾದ ಒಟ್ಟು ಮೊತ್ತವನ್ನು ನಂಬಿ ಹೋಲಿಸಬೇಡಿ. ಅಳತೆಗಳ ಕ್ರಮವೂ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅತಿ ದೊಡ್ಡ ಅಂಕಿ ಸಾಮಾನ್ಯವಾಗಿ ಉದ್ದ.

ಆಮೇಲೆ ಎಷ್ಟು ವ್ಯತ್ಯಾಸ ಬಂತು ನೋಡಿ. ಮೂರು ಅಳತೆಯಲ್ಲೂ ಕೈ ಶೇ 5ರಷ್ಟು ಹೆಚ್ಚಿಗೆ ಹೋದರೆ ಗಾತ್ರ ಶೇ 16 ಹೆಚ್ಚುತ್ತದೆ. ಶೇ 5 ಎಂದರೆ 2 ಸೆಂ.ಮೀ.ನಲ್ಲಿ ಒಂದೇ ಮಿ.ಮೀ. ಹಾಗಾಗಿ ಶೇ 10–15ರ ಒಳಗಿನ ವ್ಯತ್ಯಾಸವನ್ನು ನಾನು ಬೆಳವಣಿಗೆ ಎಂದು ಕರೆಯುವುದಿಲ್ಲ. ಡಾಕ್ಟರ್ ಬೇರೆ, ಮಷೀನ್ ಬೇರೆ ಆದರೆ ಇನ್ನೂ ಸ್ವಲ್ಪ ಸಡಿಲ ಕೊಡುತ್ತೇನೆ. ಅನುಕೂಲ ಇದ್ದರೆ ಪ್ರತಿ ಸಲ ಒಂದೇ ಕಡೆ ಮಾಡಿಸಿ.

ಗಂಟಿಗೂ ಇದೇ ಪಾಠ. ಮೊದಲು 1.0 × 0.9 × 0.8 ಇದ್ದ ಗಂಟು ಈಗ 1.1 × 1.0 × 0.9 ಎಂದುಕೊಳ್ಳಿ. ಪ್ರತಿ ಅಳತೆಯಲ್ಲಿ ಒಂದೇ ಮಿ.ಮೀ. ಜಾಸ್ತಿ. ಗಾತ್ರದಲ್ಲಿ ಶೇ 37.5. ಕೇಳಿದರೆ ಎದೆ ಝಲ್ ಎನ್ನುತ್ತದೆ, ಅಲ್ವಾ? ಆದರೆ ಒಂದು ಮಿ.ಮೀ. ಕೈ ನಡುಕದಲ್ಲೂ ಬರುತ್ತದೆ. ಕನಿಷ್ಠ ಎರಡು ಅಳತೆಗಳು ಶೇ 20 ಹೆಚ್ಚಿ, ಆ ಹೆಚ್ಚಳ 2 ಮಿ.ಮೀ.ಗೆ ಕಡಿಮೆ ಇರಬಾರದು. ಇಲ್ಲವೇ ಗಾತ್ರ ಶೇ 50 ದಾಟಬೇಕು. ಆಗ ಗಂಟು ನಿಜವಾಗಿ ಬೆಳೆದಿದೆ ಎನ್ನುತ್ತಾರೆ.

ಗ್ರಂಥಿ ತುಂಬ ಗಂಟುಗಳಿದ್ದು ಆಲೂಗಡ್ಡೆ ಚೀಲದ ಹಾಗೆ ಉಬ್ಬು ತಗ್ಗಾಗಿದ್ದರೆ ಮೊಟ್ಟೆಯ ಸೂತ್ರ ಅಷ್ಟಾಗಿ ಹೊಂದುವುದಿಲ್ಲ. ಬಂದ ಅಂಕಿಯ ಮುಂದೆ ‘ಅಂದಾಜು’ ಎಂದು ಬರೆಯುವುದೇ ಪ್ರಾಮಾಣಿಕ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಹೈಪರ್‌ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕೊಡುವಾಗ ಕೆಲವು ಕಡೆ ಗ್ರಂಥಿಯ ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತಾರೆ, 1 ಎಂ.ಎಲ್. ಎಂದರೆ ಸುಮಾರು 1 ಗ್ರಾಂ ಎಂದು ಹಿಡಿದು. ಅಲ್ಲಿ ಈ ಅಂದಾಜು ಎಷ್ಟು ಗಟ್ಟಿ ಎಂಬುದು ಡಾಕ್ಟರಿಗೆ ಗೊತ್ತಿರಬೇಕು.

ಇನ್ನು ಹಳೇ ರಿಪೋರ್ಟ್ ಇಟ್ಟುಕೊಳ್ಳುವ ವಿಷಯ. ಸ್ಕ್ಯಾನ್ ಚಿತ್ರಗಳು ಬಹಳ ಕಡೆ ಥರ್ಮಲ್ ಹಾಳೆಯಲ್ಲಿ ಬರುತ್ತವೆ. ನಮ್ಮ ಕಡೆಯ ಬಿಸಿಲಿಗೆ, ಬೈಕಿನ ಡಿಕ್ಕಿಯಲ್ಲೋ ತಗಡಿನ ಮನೆಯ ಟ್ರಂಕಿನಲ್ಲೋ ಇಟ್ಟರೆ ಎರಡು ಬೇಸಿಗೆಯಲ್ಲಿ ಅಳಿಸಿಯೇ ಹೋಗಬಹುದು. ಪ್ಲಾಸ್ಟಿಕ್ ಕವರಿನೊಳಗೂ ಮಾಸುತ್ತವೆ. ಮನೆಗೆ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಯವರ ಇನ್ನೊಬ್ಬರ ಮೊಬೈಲ್‌ಗೂ ಕಳಿಸಿ. ಫೋಟೊದಲ್ಲಿ ಕ್ಯಾಲಿಪರ್ ಗುರುತುಗಳು ಕಾಣಬೇಕು. ಅವು ಚಿತ್ರದ ಅಂಚಿಗೆ ಅಂಟಿವೆಯೇ ಎಂದು ನೀವೂ ನೋಡಬಹುದು.

ಲೆಕ್ಕ ಬದಿಗಿಟ್ಟು ಡಾಕ್ಟರ ಹತ್ತಿರ ಓಡಬೇಕಾದಾಗ

ಎಷ್ಟು ಎಂ.ಎಲ್. ಎಂದು ನೋಡುತ್ತ ಕೂರಬಾರದ ಸಂದರ್ಭಗಳಿವೆ. ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಗಡ್ಡೆ ಬೆಳೆಯುವುದು. ಗಡ್ಡೆ ಕಲ್ಲಿನಂತೆ ಗಟ್ಟಿಯಾಗಿರುವುದು, ನುಂಗುವಾಗ ಅಲುಗಾಡದಿರುವುದು. ಶೀತ ಕೆಮ್ಮು ಇಲ್ಲದೆ ದನಿ ಒಡೆದು ವಾರಗಟ್ಟಲೆ ಹಾಗೇ ಉಳಿಯುವುದು. ರೊಟ್ಟಿ ನುಂಗಲು ಕಷ್ಟವಾಗಿ ಬರೀ ಗಂಜಿಗೆ ಇಳಿದಿರುವುದು. ಮಲಗಿದರೆ ಉಸಿರು ಕಟ್ಟುವುದು. ಕತ್ತಿನ ಪಕ್ಕದಲ್ಲಿ ಬೇರೆ ಗಂಟುಗಳು ಎದ್ದಿರುವುದು. ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಉಸಿರಾಟಕ್ಕೇ ತೊಂದರೆಯಾದರೆ ಆವತ್ತೇ ಆಸ್ಪತ್ರೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಎರಡೂ ಕೈ ಕಿವಿಗೆ ತಾಗುವಂತೆ ಮೇಲೆತ್ತಿ ಒಂದು ನಿಮಿಷ ನಿಲ್ಲಿಸಿ. ಮುಖ ಕೆಂಪೇರಿ ಊದಿದಂತಾದರೆ, ಉಸಿರು ಹಿಡಿದಂತಾದರೆ, ಗ್ರಂಥಿ ಎದೆಯೊಳಗೆ ಇಳಿದು ರಕ್ತನಾಳಗಳನ್ನು ಒತ್ತುತ್ತಿರಬಹುದು. ಕೂಡಲೇ ಕೈ ಇಳಿಸಿ. ಆಗ ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವುದು ಹತ್ತಿರವೋ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ. ಸರ್ಜನ್, ಸಿ.ಟಿ. ಎರಡೂ ಒಂದೇ ಆವರಣದಲ್ಲಿ ಇದ್ದರೆ ಅಲೆದಾಟ ತಪ್ಪುತ್ತದೆ.

ಗಂಗಾವತಿ ತಾಯಿಗೆ ಇವ್ಯಾವುದೂ ಇರಲಿಲ್ಲ. ಗಂಟೂ ಇರಲಿಲ್ಲ. ಟಿಎಸ್‌ಎಚ್ ಮಾಡಿಸಲು ಚೀಟಿ ಬರೆದುಕೊಟ್ಟೆ. ಮಗ ಹಾಳೆಯ ಹಿಂದೆ 0.479, 0.523 ಎರಡನ್ನೂ ಬರೆದುಕೊಂಡು ಫೋಟೊ ತೆಗೆದುಕೊಂಡ. “ಆಪರೇಷನ್ ಇಲ್ಲಲ್ರೀ?” ಎಂದು ತಾಯಿ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದರು. “ಇಲ್ರಿ ಯವ್ವಾ” ಎಂದೆ.